ತಾಟು ಮುಟ್ಟದ ಹೆಪ್ಪು

ನೀಲಗಂಗವ್ವನ ಗಡಿಗೆಯ ತಳದಲ್ಲಿ ದಿನಾಲೂ ಒಂದಿಷ್ಟು ಮೊಸರು ಉಳಿಯುತ್ತಿತ್ತು. ಅದು ಮರುದಿನದ ಹಾಲಿಗೆ ಹೆಪ್ಪು. ಹೊಲದಿಂದ ಬಂದವರು ಬಿಸಿ ರೊಟ್ಟಿ, ಶೇಂಗಾ ಚಟ್ನಿಗೆ ಕೆನೆಮೊಸರು ಹಾಕಿಕೊಂಡು ಬೆರಳು ಚೀಪುವ ಸಪ್ಪಳ ಕೇಳಿದಾಗೆಲ್ಲ ಹೆಪ್ಪಿನ ಜೀವ ಹಪಹಪಿಸುತ್ತಿತ್ತು.

"ಗಡಿಗೆಯಕ್ಕಾ, ಒಮ್ಮೆಯಾದರೂ ನಾನು ಆ ತಾಟಿಗೆ ಹೋಗಬೇಕು."

"ನೀನು ಹೋದರೆ ನಾಳೆ ತಾಟಿಗೆ ಏನು ಬಡಿಸುತ್ತಾರೆ?"

"ನಾಳೆ, ನಾಳೆ! ನನ್ನ ಪಾಲಿಗೆ ಇವತ್ತು ಎಂಬುದೇ ಇಲ್ಲವೇ?"

ಕಣದಲ್ಲಿ ಜೋಳ ಒಕ್ಕಿ ರಾಶಿ ಮಾಡಿ ಮುಗಿಸಿದ ಸಂಜೆ ಉಣ್ಣುವವರು ಹೆಚ್ಚಾಗಿ ಮೊಸರೆಲ್ಲ ತೀರಿತು. ಕೊನೆಗೆ ನೀಲಗಂಗವ್ವ ತಾನು ಉಣ್ಣಲು ಕೂತಳು. ಗಡಿಗೆಯಲ್ಲಿ ಸೌಟು ಆಡಿಸಿ ಹೆಪ್ಪನ್ನು ಎತ್ತಿದಳು. ಸೌಟು ತಾಟಿನ ಮೇಲೆ ಬಂದು ನಿಂತಿತು. ಬಿಸಿ ರೊಟ್ಟಿಯ ಆವಿ ಹೆಪ್ಪಿಗೆ ತಗುಲಿತು.

"ಇರಲಿ ಬಿಡು, ನಾಳೆ ಮತ್ತ ಎಲ್ಲಾರೂ ಹಸದು ಬರ್ತಾರ," ಎಂದು ತನಗೇ ಹೇಳಿಕೊಂಡು ಅವಳು ಸೌಟನ್ನು ಗಡಿಗೆಗೇ ಬಗ್ಗಿಸಿದಳು. ಬರಿ ಚಟ್ನಿಯಲ್ಲಿ ರೊಟ್ಟಿ ಉಂಡೆದ್ದು, ಉಗುರುಬೆಚ್ಚಗಿನ ಹಾಲು ಸುರಿದಳು.

ಹೆಪ್ಪು ಅಂದು ಗೊಣಗಲಿಲ್ಲ. ಮೆಲ್ಲಗೆ ಕೇಳಿತು: "ಅಕ್ಕಾ, ಅವಳಿಗೂ ಮೊಸರಿನ ಆಸೆಯೇ?"

"ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ," ಎಂದಿತು ಗಡಿಗೆ.