ಭಟ್ಟರ ಹೊಟ್ಟೆಗೆ ಬಡಿದ ಚೆಂಡು

"ನಾನು ಹೊಡೆದ ಚೆಂಡನ್ನು ತಡೆಯುವವನು ಇನ್ನೂ ಹುಟ್ಟಿಲ್ಲ" ಎಂದು ಮುದ್ದುವೀರ ನಾಯಕರು ದೊಣ್ಣೆ ಬೀಸಿದರು. ಮರುಗಳಿಗೆಯಲ್ಲಿ ಆ ಚೆಂಡು ಅರಮನೆಯ ಅಡಿಗೆ ವೆಂಕೋಬಭಟ್ಟರ ಹೊಟ್ಟೆಗೆ ಬಡಿದು, ಅಲ್ಲೇ ತುಸು ಯೋಚನೆ ಮಾಡಿ, ಕೆಳಗೆ ಬಿತ್ತು.

ಕೆಂಚನದುರ್ಗದ ಈ ಅರಸರಿಗೆ ಆ ವರ್ಷ ಚೆಂಡಾಟದ ಹುಚ್ಚು ಹಿಡಿದಿತ್ತು. ಬಯಲಿನ ನಾಲ್ಕು ಮೂಲೆಗೆ ನಾಲ್ಕು ಕಟ್ಟೆ. ಒಬ್ಬ ಚೆಂಡು ಎಸೆಯಬೇಕು, ಅರಸರು ಹುಣಸೆ ದೊಣ್ಣೆಯಿಂದ ಬಾರಿಸಬೇಕು, ಅವರ ಕಡೆಯವರು ಕಟ್ಟೆಯಿಂದ ಕಟ್ಟೆಗೆ ಓಡಬೇಕು. ಕಟ್ಟೆ ಬಿಟ್ಟು ಓಡುವಾಗ ಆ ಚೆಂಡು ಮೈಗೆ ತಾಗಿದರೆ ಓಡುವವನು ಆಟದಿಂದ ಹೊರಗೆ. ಈ ನಿಯಮ ಮಾಡಿದವರೂ ಅರಸರೇ.

ಪಾಪ, ಭಟ್ಟರು ಆಟಕ್ಕೆ ಬರುತ್ತೇನೆ ಎಂದವರಲ್ಲ. ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನು ಅವರು ಸೌಟು ಹಿಡಿದು ಅಟ್ಟಿಸಿಕೊಂಡು ಹೋದದ್ದನ್ನು ಅರಸರು ಉಪ್ಪರಿಗೆಯಿಂದ ಕಂಡು, "ಎಂಥ ಓಟ" ಎಂದು ಮೆಚ್ಚಿ ಬಯಲಿಗೆ ಕರೆಸಿದ್ದರು. ಬೆಕ್ಕಿಲ್ಲದೆ ಭಟ್ಟರು ಓಡುವುದಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಬಯಲಿನ ತುಂಬ ಜನ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅರಸರ ಮುಖ ಕೆಂಪೇರಿತು.

"ಭಟ್ಟರು ಆಟದಿಂದ ಹೊರಗೆ, ಪ್ರಭು" ಎಂದ ದಳವಾಯಿ.

"ಆಟದಿಂದ ಮಾತ್ರವೇ? ನನ್ನ ಚೆಂಡಿನ ದಾರಿಗೆ ಅಡ್ಡ ಬಂದವನು ನನ್ನ ರಾಜ್ಯದಲ್ಲೇ ಇರಕೂಡದು. ನಾಳೆ ಹೊತ್ತು ಮುಳುಗುವುದರೊಳಗೆ ಗಡಿ ದಾಟಲಿ."

ಎಲ್ಲರಿಗಿಂತ ಹೆಚ್ಚು ಚಿಂತೆ ಹತ್ತಿದ್ದು ಆಸ್ಥಾನದ ವಿದೂಷಕ ಸಂಕಣ್ಣನಿಗೆ. ಅವನದು ಒಂಟಿ ಜೀವ. ಅವನು ಅನ್ನಕ್ಕಿಟ್ಟರೆ ಗಂಜಿಯಾಗುತ್ತಿತ್ತು, ಗಂಜಿಗಿಟ್ಟರೆ ಹೊತ್ತುತ್ತಿತ್ತು. ಬಂದ ದಿನದಿಂದ ಅವನನ್ನು ಕೂರಿಸಿ, ಸಾಕೆಂದರೂ ಬಿಡದೆ ಬಡಿಸಿದವರು ಭಟ್ಟರು. ಅವರಿಲ್ಲದ ಅರಮನೆಯನ್ನು ನೆನೆದು ಅವನಿಗೆ ಅಳುವೇ ಬಂತು.

ಅಡಿಗೆಮನೆಯಲ್ಲಿ ಭಟ್ಟರು ಹೊಟ್ಟೆಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು.

"ನಾನು ಅಡ್ಡ ಹೋಗಲಿಲ್ಲ ಕಣಯ್ಯಾ ಸಂಕಣ್ಣ. ಅದೇ ನನ್ನನ್ನು ಹುಡುಕಿಕೊಂಡು ಬಂತು. ಈ ವಯಸ್ಸಿನಲ್ಲಿ ಇನ್ಯಾರ ಮನೆಯ ಒಲೆ ಊದಲಿ ಹೇಳು?"

"ನಾಳೆ ಹೋಳಿಗೆಗೆ ಬೇಳೆ ಬೇಯಿಸಿಡಿ ಭಟ್ಟರೇ. ಉಳಿದದ್ದು ನನಗೆ ಬಿಡಿ."

ಬೆಳಿಗ್ಗೆ ಸಂಕಣ್ಣ ಅರಸರ ಮುಂದೆ ನಿಂತ.

"ಪ್ರಭು, ನೀವು ಕೊಟ್ಟ ಶಿಕ್ಷೆ ಸರಿಯಿಲ್ಲ."

"ಏನೆಂದೆ?" ಅರಸರ ಹುಬ್ಬು ಮೇಲೇರಿತು.

"ತೀರಾ ಸಡಿಲವಾಯಿತು. ಭಟ್ಟರೊಬ್ಬರನ್ನೇ ಅಟ್ಟಿದರೆ ಉಳಿದವರಿಗೆ ಭಯವೆಲ್ಲಿ? ನಿನ್ನೆ ಆ ಚೆಂಡಿನ ದಾರಿಗೆ ಅಡ್ಡ ಬಂದವರು ಯಾರೇ ಇರಲಿ, ಎಷ್ಟೇ ದೊಡ್ಡವರಿರಲಿ, ಎಲ್ಲರಿಗೂ ಗಡೀಪಾರು ಎಂದು ಡಂಗುರ ಸಾರಿಸಬೇಕು."

ಅರಸರು ಹಿಗ್ಗಿಹೋದರು. "ನನ್ನ ಆಟ ಅರ್ಥವಾದದ್ದು ನಿನಗೊಬ್ಬನಿಗೇ ನೋಡು."

"ಯಾರನ್ನೂ ಬಿಡಬಾರದು" ಎಂದು ದಳವಾಯಿಯೂ ದನಿಗೂಡಿಸಿದ. ಅರಸರು ಹೂಂ ಎಂದದ್ದಕ್ಕೆಲ್ಲ ಹೂಂ ಎನ್ನುವುದೇ ಅವನ ಉದ್ಯೋಗ.

ಡಂಗುರ ಊರೆಲ್ಲ ಸುತ್ತಿ ಬಂತು. ಕೇಳಿದ ಡೊಳ್ಳುಹೊಟ್ಟೆಯವರೆಲ್ಲ ಬಯಲಿನ ಕಡೆ ತಿರುಗಿಯೂ ನೋಡದೆ ಮನೆ ಸೇರಿದರು.

ಸಂಜೆ ಬಯಲಿನಲ್ಲಿ ವಿಚಾರಣೆ. ಸಂಕಣ್ಣ ಮೂರು ಗಂಟು ಹೊತ್ತು ತಂದು ಅರಸರ ಕಾಲ ಬಳಿ ಇಟ್ಟ. ಆಮೇಲೆ ಚೆಂಡು ಎಸೆದವನನ್ನು ಕರೆದ.

"ನಿನ್ನೆ ನೀನು ಚೆಂಡು ಎಸೆದದ್ದು ಯಾರಿಗಪ್ಪಾ? ಭಟ್ಟರಿಗೋ?"

"ಅಯ್ಯೋ, ಇಲ್ಲ ಸ್ವಾಮಿ. ಪ್ರಭುಗಳ ಹಿಂದೆ ಹಿಡಿಯೋಕೆ ಅಂತ ಒಬ್ಬ ಕುಕ್ಕರಗಾಲಲ್ಲಿ ಕೂತಿರ್ತಾನಲ್ಲ, ಅವನ ಕೈಗೆ."

"ನೆಟ್ಟಗೆ ಹೋಗುತ್ತಿತ್ತೋ?"

"ದಾರ ಹಿಡಿದಷ್ಟು ನೆಟ್ಟಗೆ."

ಸಂಕಣ್ಣ ಹಿಡಿಯುವವನ ಕಡೆ ತಿರುಗಿದ. "ನೀನು ಕೈ ಚಾಚಿದ್ದೆಯಾ?"

"ಚಾಚಿದ್ದೆ ಸ್ವಾಮಿ."

"ಚೆಂಡು ನಿನ್ನ ಕೈಗೆ ಬಂತೋ?"

"ಇಲ್ಲ."

"ಯಾಕೆ ಬರಲಿಲ್ಲ?"

ಅವನು ನೆಲ ನೋಡಿದ. ಎಸೆದವನೂ ನೋಡಿದ. ದಳವಾಯಿಯಂತೂ ನೆಲದಲ್ಲಿ ಏನೋ ಕಳೆದುಕೊಂಡವನ ಹಾಗೆ ಬಗ್ಗಿಬಿಟ್ಟ.

ಅರಸರಿಗೆ ತಾಳ್ಮೆ ಕೆಟ್ಟಿತು. "ಇದರಲ್ಲಿ ಕೇಳುವುದೇನಿದೆ? ನಡುವೆ ನಾನು..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಅದನ್ನೇ ನಾನೂ ಕೇಳುತ್ತಿದ್ದೆ, ಪ್ರಭು" ಎಂದ ಸಂಕಣ್ಣ ಕೈಮುಗಿದು. "ಚೆಂಡು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಅದರ ದಾರಿಗೆ ಅಡ್ಡ ಬಂದವರಲ್ಲಿ ಭಟ್ಟರು ಎರಡನೆಯವರು. ಅವರಾದರೂ ಬರಿಗೈಯಲ್ಲಿ ಬಂದರು. ಮೊದಲು ಬಂದವರ ಕೈಯಲ್ಲಿ ದೊಣ್ಣೆಯಿತ್ತು."

ಸಂಕಣ್ಣ ಮೊದಲ ಗಂಟನ್ನು ಅರಸರ ಕಡೆ ಸರಿಸಿದ.

"ಯಾರನ್ನೂ ಬಿಡಬಾರದು ಎಂದು ದಳವಾಯಿಗಳು ಹೇಳಿದ್ದಾರೆ. ಡಂಗುರವೂ ಆಗಿದೆ. ಈ ಗಂಟಿನಲ್ಲಿ ಪ್ರಭುಗಳ ಮಖಮಲ್ಲಿನ ಜೋಡು, ಅಡಕತ್ತರಿ, ಎರಡು ಪಂಚೆ ಇಟ್ಟಿದ್ದೇನೆ. ಇದು ಭಟ್ಟರ ಗಂಟು, ಸೌಟು ಅದರಲ್ಲಿದೆ. ಹೊತ್ತು ಮುಳುಗುತ್ತಿದೆ, ಹೊರಡಬಹುದು."

ಅರಸರು ಗಂಟನ್ನು ನೋಡಿದರು, ದೊಣ್ಣೆಯನ್ನು ನೋಡಿದರು, ಭಟ್ಟರ ಹೊಟ್ಟೆಯನ್ನು ನೋಡಿದರು. ಮೀಸೆಯ ಕೆಳಗೆ ಶುರುವಾದ ನಗು ಅವರ ಹೊಟ್ಟೆಗಿಳಿದು ಕಣ್ಣಲ್ಲಿ ನೀರು ತರಿಸಿತು. ಅರಸರೇ ನಕ್ಕ ಮೇಲೆ ಬಯಲಿಗೆ ಬಯಲೇ ನಕ್ಕಿತು.

"ಡಂಗುರ ವಾಪಸು ಪಡೆಯಿರಿ" ಎಂದರು. "ಚೆಂಡು ತಾಗಿದವನು ಆಟ ಬಿಟ್ಟು ಪಕ್ಕಕ್ಕೆ ಕೂತರೆ ಸಾಕು. ಕಟ್ಟೆಯ ಮೇಲೆ ನಿಂತವನಿಗೆ ತಾಗಿದರೆ ಅದೂ ಬೇಡ."

"ಹಾಗಾದರೆ ನಾನು ಕಟ್ಟೆ ಬಿಟ್ಟು ಇಳಿಯೋದೇ ಇಲ್ಲ" ಎಂದರು ಭಟ್ಟರು.

ಅರಸರ ಕಣ್ಣು ಮೂರನೆಯ ಗಂಟಿನ ಮೇಲೆ ಬಿತ್ತು. "ಇದು ಯಾರದು?"

"ನನ್ನದು, ಪ್ರಭು."

ಅರಸರು ಅವನ ಹೆಗಲ ಮೇಲೆ ಕೈಯಿಟ್ಟರು. "ನನಗೋಸ್ಕರ ನೀನೂ ಊರು ಬಿಟ್ಟು ಹೊರಟಿದ್ದೆಯಾ, ಸಂಕಣ್ಣ?"

ಸಂಕಣ್ಣ ಸ್ವಲ್ಪ ಸಂಕೋಚದಿಂದ ಗಂಟು ಬಿಚ್ಚಿದ. ಒಳಗಿದ್ದದ್ದು ಒಂದು ಊಟದ ತಟ್ಟೆ, ಒಂದು ತುಪ್ಪದ ಗಿಂಡಿ.

"ಭಟ್ಟರೂ ಹೊರಟಿದ್ದರಲ್ಲ, ಪ್ರಭು."