ಸಾಹೇಬರ ಗಂಟೆ

ಸೊಸೈಟಿ ಕಚೇರಿಯ ಮ್ಯಾನೇಜರ್ ವಿರೂಪಾಕ್ಷಪ್ಪನವರಿಗೆ ದಿನಾ ಸ್ವಲ್ಪ ನಡೆಯಿರಿ ಅಂತ ಡಾಕ್ಟರು ಹೇಳಿದರು. ಸಾಹೇಬರು ದುಬಾರಿ ಶೂ ತಂದರು. ಅಷ್ಟರಲ್ಲಿ ಆಡಿಟ್ ಬಂತು, ಶೂ ಡಬ್ಬಿಯಲ್ಲೇ ಉಳಿಯಿತು.

ಆ ಸಿಟ್ಟೂ ಅಟೆಂಡರ್ ಮಾದಮ್ಮನ ಮೇಲೆ. ಮೊದಲಿನಿಂದಲೂ ಅಷ್ಟೇ, ಫ್ಯಾನ್ ಹಾಕು ಅಂತ ಒಮ್ಮೆ ಮೇಜಿನ ಗಂಟೆ ಬಾರಿಸುವರು, ಆರಿಸು ಅಂತ ಇನ್ನೊಮ್ಮೆ. ಸ್ವಿಚ್ಚು ಅವರ ಕುರ್ಚಿಯ ಹಿಂದೆಯೇ ಇತ್ತು. ವರಾಂಡದ ಆ ತುದಿಯಿಂದ ಓಡಿ ಬಂದು ಬಂದು ಮಾದಮ್ಮನಿಗೆ ಸಾಕುಸಾಕಾಗಿತ್ತು.

ಅವತ್ತೂ ಗಂಟೆ ಬಾರಿಸಿ ಹೇಳಿದರು: "ನೀನು ಮಾತ್ರ ಗಟ್ಟಿಮುಟ್ಟಾಗಿದ್ದೀಯ. ಕೆಲಸ ಕೆಡದ ಹಾಗೆ ನಾನೂ ದಿನಾ ನಡೆಯೋಕೆ ಒಂದು ದಾರಿ ಹುಡುಕು. ಇಲ್ಲದಿದ್ರೆ ಯುಗಾದಿಗೆ ನಿನಗೆ ರಜೆ ಇಲ್ಲ."

"ಆಯ್ತು ಸಾರ್," ಅಂದಳು ಮಾದಮ್ಮ. ಇವರು ನಡೆಯೋದಕ್ಕೂ ನಾನೇ ಬೇಕಾ ಅಂತ ಒಳಗೊಳಗೇ ಕುದಿದಳು.

ಮರುದಿನ ಸಾಹೇಬರು ಕೈ ಚಾಚಿದರೆ ಗಂಟೆ ಇಲ್ಲ. ಕೂಗಿದರು, ಯಾರೂ ಬರಲಿಲ್ಲ. ಎದ್ದು ವರಾಂಡದ ತುದಿಗೆ ಹೋದರೆ, ಮಾದಮ್ಮನ ಸ್ಟೂಲಿನ ಪಕ್ಕದ ಕಿಟಕಿಯಲ್ಲಿ ಗಂಟೆ ಕೂತಿತ್ತು.

"ಇದ್ಯಾಕೆ ಇಲ್ಲಿದೆ?"

"ನಾನು ಬೇಕಾದಾಗ ಬಂದು ಬಾರಿಸಿ ಸಾರ್. ಶೂ ಬೇಡ, ನಸುಕಿಗೇ ಏಳೋದು ಬೇಡ. ಆಡಿಟ್ ಇದ್ರೂ ನಡಿಗೆ ತಪ್ಪಲ್ಲ."

ದಾರಿ ಹುಡುಕು ಅಂದವರು ತಾವೇ. ಹಲ್ಲು ಕಚ್ಚಿಕೊಂಡು ಅವಳ ಎದುರೇ ನಿಂತು ಗಂಟೆ ಬಾರಿಸಿದರು. ನೀರಿಗೆ ಬಂದರು, ಫೈಲಿಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಬೆವತು, ಕಿಟಕಿಯ ಸರಳು ಹಿಡಿದು ನಿಂತರು.

"ಅಲ್ಲ ಮಾದಮ್ಮ, ಒಂದು ಫ್ಯಾನ್ ಹಾಕೋಕೆ ಇಷ್ಟು ದೂರ ಬರಬೇಕಾ?"

"ನಾನೂ ಎಷ್ಟೋ ವರ್ಷದಿಂದ ಅದನ್ನೇ ಕೇಳಬೇಕು ಅಂತಿದ್ದೆ ಸಾರ್."