ಅರವಟ್ಟಿಗೆಗೆ ಕಟ್ಟಿದ ಪರದೆ

"ಗುರುಗಳೇ, ಹೊಳೆಯಿತು!" ಎನ್ನುತ್ತ ಶಿಷ್ಯ ಓಡಿ ಬಂದ. ಏದುಸಿರಿನಲ್ಲೇ ಕೇಳಿದ: "ಒಳ್ಳೆಯದು ಮಾಡಿದವನಿಗೆ ಸಂತೋಷವಾಗುತ್ತದೆ. ಆ ಸಂತೋಷವೂ ಒಂದು ಪ್ರತಿಫಲವೇ. ಹಾಗಾದರೆ ನಿಸ್ವಾರ್ಥದ ಉಪಕಾರ ಈ ಲೋಕದಲ್ಲಿ ಸಾಧ್ಯವೇ?"

"ಭಲೇ!" ಎಂದು ಗುರುಗಳು ತೊಡೆ ತಟ್ಟಿದರು. "ನಿನಗಿಂತ ಮೊದಲೇ ಒಬ್ಬ ಇದನ್ನು ಕಂಡುಹಿಡಿದಿದ್ದ. ಕೇಳು."

ಒಬ್ಬ ಬಟ್ಟೆ ವ್ಯಾಪಾರಿ ಬೇಸಿಗೆಯಲ್ಲಿ ದಾರಿಬದಿಗೆ ಅರವಟ್ಟಿಗೆ ಇಟ್ಟ. ದಾರಿಹೋಕರಿಗೆ ಪುಕ್ಕಟೆ ನೀರು. ಅವರು ಬೊಗಸೆಯೊಡ್ಡಿ ಕುಡಿಯುವರು, ಸಾಕಾದಾಗ ತಲೆಯಾಡಿಸುವರು, ಇವನು ತಂಬಿಗೆ ಎತ್ತಿಕೊಳ್ಳುವನು. ಕುಡಿದವರ ಮುಖ ಅರಳಿದರೆ ಇವನ ಎದೆಯೂ ತಂಪಾಗುತ್ತಿತ್ತು. ಒಂದು ದಿನ ಅವನಿಗೆ ದಿಗಿಲು ಹತ್ತಿತು. "ಅಯ್ಯೋ, ನೀರು ಕೊಟ್ಟು ಸಂತೋಷ ಕೊಳ್ಳುತ್ತಿದ್ದೇನಲ್ಲ! ಇದೂ ವ್ಯಾಪಾರವೇ ಆಯಿತು!"

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಅಂಗಡಿಯ ದಪ್ಪ ಕೋರಾ ಬಟ್ಟೆ ತಂದು ಅರವಟ್ಟಿಗೆಗೆ ಪರದೆ ಕಟ್ಟಿದ. ಅದರಲ್ಲೊಂದು ತೂತು ಮಾಡಿ ಸೀಳುಬಿದಿರು ತೂರಿಸಿದ. ಇವನು ಒಳಗಿನಿಂದ ಹುಯ್ಯಬೇಕು, ಅವರು ಹೊರಗೆ ಕುಡಿಯಬೇಕು. ಯಾರ ಮುಖವೂ ಕಾಣದು. ಗೆದ್ದೆ ಎಂದುಕೊಂಡ ಮಹಾನುಭಾವ!

ತಲೆಯಾಡಿಸಿದ್ದು ಕಾಣದೆ ಸುರಿದೇ ಸುರಿದ. ಒಬ್ಬನಿಗೆ ನೀರು ನೆತ್ತಿಗೇರಿತು, ಇನ್ನೊಬ್ಬನ ಪಂಚೆ ತೊಯ್ದು ತೊಪ್ಪೆಯಾಯಿತು. ಜನ ಬಾಯಿಗೆ ಬಂದಂತೆ ಬಯ್ದರು. ಬಯ್ದಷ್ಟೂ ಇವನಿಗೆ ಹುರುಪು. ಈಗ ಹೊಗಳಿಕೆಯ ಕಾಟವೂ ತಪ್ಪಿತ್ತು.

ಒಂದು ಮಟಮಟ ಮಧ್ಯಾಹ್ನ ಹೊರಗಿನಿಂದ ಹೆಣ್ಣುದನಿಯೊಂದು ಕೇಳಿತು: "ಯಪ್ಪಾ... ನೀರು..."

ಇವನು ಸುರಿದ. ನೀರು ನೆಲಕ್ಕೆ ಬಿದ್ದ ಸದ್ದಾಯಿತು. ಮತ್ತೆ ಸುರಿದ. ಅದೂ ನೆಲಕ್ಕೇ ಬಿತ್ತು. ಬೊಗಸೆ ಎಲ್ಲಿ? ಬಯ್ಗುಳವೂ ಇಲ್ಲ! ಪರದೆಯನ್ನು ಹರಿದುಕೊಂಡೇ ಹೊರಗೆ ಹಾರಿದ.

ಹೆಂಗಸೊಬ್ಬಳು ಬಿದಿರಿನ ಕೆಳಗೇ ಕುಸಿದಿದ್ದಳು. ಕೈ ಎತ್ತುವ ತ್ರಾಣವಿರಲಿಲ್ಲ, ಕಣ್ಣು ಮುಚ್ಚಿಹೋಗಿತ್ತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿಹನಿಯಾಗಿ ಬಾಯಿಗೆ ನೀರು ಬಿಟ್ಟ. "ಕುಡಿಯವ್ವಾ, ಕುಡಿ! ಕಣ್ಣು ಬಿಡು ತಾಯೀ!" ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಂಟಲು ಅಲುಗಿತು. ಕಣ್ಣು ತೆರೆಯಿತು! ವ್ಯಾಪಾರಿ ನಗುನಗುತ್ತ ಅತ್ತುಬಿಟ್ಟ.

ಶಿಷ್ಯ ಕುಳಿತಲ್ಲಿಂದ ನೆಗೆದೆದ್ದ. "ನೋಡಿದಿರಾ ಗುರುಗಳೇ! ಕೊನೆಗೂ ಅವನಿಗೆ ಸಂತೋಷವೇ ಸಿಕ್ಕಿತು. ಅಲ್ಲಿಗೆ ಅದೂ ಸ್ವಾರ್ಥವಾಯಿತಲ್ಲವೇ?"

ಗುರುಗಳು ಹೇಳಿದರು: "ಅದನ್ನು ನೀನು ಕೇಳುತ್ತಿದ್ದೀಯೆ, ಅವಳು ಕೇಳಿದ್ದು ಇನ್ನೊಂದು ಗುಟುಕು ನೀರು."